ಹೆಪಾರಿನ್ ಕೊಟ್ಟ ಮೇಲೆ ಬರುವ ಲಿಪಿಡ್ ರಿಪೋರ್ಟ್: ಇಳಿದ ಕೊಬ್ಬು ಎಷ್ಟು ನಿಜ?

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಬೆಳಗಾದರೆ ಸುದ್ದಿಯಾಗುತ್ತಿದ್ದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಆ ದಿಗಿಲು ಇಳಿದ ಮೇಲೂ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ, ರಿಪೋರ್ಟಿನ ಅಂಕಿಗಳನ್ನು ಮನೆಮಂದಿಯೆಲ್ಲ ಓದುವ ರೂಢಿ ಉಳಿದುಕೊಂಡಿದೆ. ಓದುವುದು ಒಳ್ಳೆಯದೇ. ಆದರೆ ಆಸ್ಪತ್ರೆಯೊಳಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ನಡೆಯುತ್ತಿರುವಾಗ ತೆಗೆದ ರಕ್ತದ ರಿಪೋರ್ಟನ್ನು ಮನೆಯಿಂದ ಹೋಗಿ ಮಾಡಿಸಿದ ರಿಪೋರ್ಟಿನ ಹಾಗೆ ಓದಿದರೆ ದಾರಿ ತಪ್ಪುತ್ತದೆ.

ಹೊಸನಗರ ಕಡೆಯ 58 ವರ್ಷದ ಒಬ್ಬ ಅಡಿಕೆ ಬೆಳೆಗಾರ ಎಂದಿಟ್ಟುಕೊಳ್ಳಿ. ಊರಿನ ಶಿಬಿರದಲ್ಲಿ ನೋಡಿದಾಗ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 250 ಇತ್ತು. ಒಂದು ರಾತ್ರಿ ಎದೆ ಹಿಂಡಿದಂತಾಗಿ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಆ ಇಂಜೆಕ್ಷನ್ ಒಂದೇ ಸಾಲದು. ಕರಗಿದ ಜಾಗದಲ್ಲಿ ಮತ್ತೆ ಹೆಪ್ಪುಗಟ್ಟದಿರಲು ಜೊತೆಗೆ ಹೆಪಾರಿನ್ ಇಲ್ಲವೇ ಅದರ ತಮ್ಮನಾದ ಎನಾಕ್ಸಪಾರಿನ್ ಕೊಡುತ್ತಾರೆ. ಆಮೇಲೆ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ಮರುದಿನ ಬೆಳಿಗ್ಗೆ ಬಂದ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ 150. ಮನೆಯವರಿಗೆ ಎಷ್ಟೋ ಸಮಾಧಾನ: ರಕ್ತ ತೆಳುವಾಗಿದೆ, ಕೊಬ್ಬೂ ಕರಗಿದೆ. ಡಿಸ್ಚಾರ್ಜ್ ಆಗಿ ಎರಡು ತಿಂಗಳಾದ ಮೇಲೆ ಮತ್ತೆ ನೋಡಿಸಿದರೆ ಅಂಕಿ 240. ಈಗ ಅನುಮಾನ ಬರುವುದು ಕೊಲೆಸ್ಟ್ರಾಲ್ ಇಳಿಸಲೆಂದು ದಿನಾ ರಾತ್ರಿ ನುಂಗುತ್ತಿರುವ ಅಟಾರ್ವಸ್ಟಾಟಿನ್ ಮೇಲೆ. 'ಮಾತ್ರೆ ತಗೊಂಡೂ ಏರಿದೆ, ಯಾಕೆ ತಗೋಬೇಕು?' ಎಂದು ಅದನ್ನು ನಿಲ್ಲಿಸುತ್ತಾರೆ. ಹೃದಯಾಘಾತ ಆದವರು ಮಾಡಬಾರದ ಕೆಲಸ ಇದೇ.

ಆ 150 ಲ್ಯಾಬಿನ ತಪ್ಪಲ್ಲ. ಆ ಹೊತ್ತಿಗೆ ರಕ್ತದಲ್ಲಿ ಅಷ್ಟೇ ಇತ್ತು. ಆದರೆ ಅದು ಆ ಮನುಷ್ಯನ ನಿತ್ಯದ ಮಟ್ಟವಲ್ಲ.

ಹೆಪಾರಿನ್‌ಗೆ ಕೊಬ್ಬಿನ ಮೇಲೆ ಪರಿಣಾಮವಿದೆ ಎಂಬುದು ಹೊಸ ವಿಷಯವಲ್ಲ. 1943ರಲ್ಲಿ ಪಾಲ್ ಹಾನ್ ಎಂಬ ಅಮೆರಿಕದ ವಿಜ್ಞಾನಿ, ಕೊಬ್ಬಿನ ಊಟ ಮಾಡಿಸಿದ ನಾಯಿಗಳ ರಕ್ತದಲ್ಲಿ ಹಾಲಿನಂತೆ ಬೆಳ್ಳಗಾಗಿದ್ದ ಪ್ಲಾಸ್ಮಾ ಹೆಪಾರಿನ್ ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುವುದನ್ನು ವರದಿ ಮಾಡಿದರು. ಅಂಥದೇ ಬಿಳಿ ಪ್ಲಾಸ್ಮಾವನ್ನು ಗಾಜಿನ ನಳಿಕೆಯಲ್ಲಿಟ್ಟು ಹೆಪಾರಿನ್ ಬೆರೆಸಿದರೆ ಏನೂ ಆಗುವುದಿಲ್ಲ. ಅಂದರೆ ಹೆಪಾರಿನ್ ತಾನೇ ಕೊಬ್ಬನ್ನು ಒಡೆಯುವುದಿಲ್ಲ. ದೇಹದೊಳಗೆ ಬೇರೆ ಯಾವುದನ್ನೋ ಎಬ್ಬಿಸಿ ಹೊರಡಿಸುತ್ತದೆ.

ಆ ಬೇರೆಯದರ ಹೆಸರು ಲೈಪೊಪ್ರೋಟೀನ್ ಲೈಪೇಸ್. ಇದೊಂದು ಕಿಣ್ವ. ಕೊಬ್ಬಿನ ಮತ್ತು ಸ್ನಾಯುವಿನ ಜೀವಕೋಶಗಳಲ್ಲಿ ತಯಾರಾಗಿ, ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಒಳಗೋಡೆಗೆ ಬಂದು ಅಂಟಿಕೊಂಡಿರುತ್ತದೆ. ಅಂಟಿಕೊಳ್ಳುವುದು ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿ ಮತ್ತು ಗೋಡೆಯ ಒಂದು ಪ್ರೋಟೀನಿಗೆ. ಊಟದ ಕೊಬ್ಬನ್ನು, ಯಕೃತ್ತು ಕಳಿಸಿದ ಕೊಬ್ಬನ್ನು ಹೊತ್ತ ಕಣಗಳು ಆ ದಾರಿಯಲ್ಲಿ ಹಾಯುವಾಗ ಕಿಣ್ವ ಅವುಗಳೊಳಗಿನ ಟ್ರೈಗ್ಲಿಸರೈಡನ್ನು ಕತ್ತರಿಸಿ ಕೊಬ್ಬಿನಾಮ್ಲ ಮಾಡುತ್ತದೆ. ಪಕ್ಕದ ಸ್ನಾಯು ಅದನ್ನು ಉರಿಸಿಕೊಳ್ಳುತ್ತದೆ, ಇಲ್ಲವೇ ಕೊಬ್ಬಿನ ಕೋಶ ಕೂಡಿಡುತ್ತದೆ. ಹೆಪಾರಿನ್ ರಚನೆಯಲ್ಲಿ ಗೋಡೆಯ ಆ ಸಕ್ಕರೆ ಸರಪಳಿಯ ಹತ್ತಿರದ ಸಂಬಂಧಿ, ಆದರೆ ಅದಕ್ಕಿಂತ ಹೆಚ್ಚು ಋಣ ವಿದ್ಯುದಂಶ ಹೊತ್ತದ್ದು. ರಕ್ತಕ್ಕೆ ಹೆಪಾರಿನ್ ಬಂದ ಕೂಡಲೇ ಕಿಣ್ವ ಗೋಡೆ ಬಿಟ್ಟು ಹೆಪಾರಿನ್ನಿಗೆ ಅಂಟಿ ರಕ್ತಕ್ಕೆ ಇಳಿಯುತ್ತದೆ. ನರಕ್ಕೆ ಹೆಪಾರಿನ್ ಕೊಟ್ಟ 10ರಿಂದ 15 ನಿಮಿಷದಲ್ಲಿ ರಕ್ತದಲ್ಲಿ ಈ ಕಿಣ್ವ ಸಾಕಷ್ಟು ಏರಿರುತ್ತದೆ; ಕಿಣ್ವದ ಹುಟ್ಟುದೋಷ ಪತ್ತೆ ಮಾಡುವ ವಿಶೇಷ ಪರೀಕ್ಷೆಗೆ ರಕ್ತ ತೆಗೆಯುವುದೂ ಆ ಹೊತ್ತಿನಲ್ಲೇ. ಯಕೃತ್ತಿನ ಇನ್ನೊಂದು ಲೈಪೇಸ್ ಕೂಡ ಹೀಗೆಯೇ ಹೊರಬರುತ್ತದೆ. ಎರಡೂ ಸೇರಿ ಕೈಗೆ ಸಿಕ್ಕ ಟ್ರೈಗ್ಲಿಸರೈಡನ್ನೆಲ್ಲ ಕತ್ತರಿಸತೊಡಗುತ್ತವೆ, ಅಂಕಿ ಇಳಿಯುತ್ತದೆ.

ಇದು ಅರ್ಧ ಕತೆ. ಹೀಗೆ ತೇಲಾಡುವ ಕಿಣ್ವವನ್ನು ಯಕೃತ್ತು ಹಿಡಿದು ಒಡೆದುಹಾಕುತ್ತದೆ. ಗೋಡೆಯ ದಾಸ್ತಾನು ಖಾಲಿಯಾಗುತ್ತದೆ, ಹೊಸದು ತಯಾರಾಗಿ ಬಂದು ಕೂರಲು ಗಂಟೆಗಟ್ಟಲೆ ಬೇಕು. ಊರಿನಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರನ್ನೆಲ್ಲ ಒಂದೇ ದಿನ ಒಂದೇ ತೋಟಕ್ಕೆ ಇಳಿಸಿದರೆ ಆ ತೋಟದ ಕೊಯ್ಲು ಮಧ್ಯಾಹ್ನಕ್ಕೇ ಮುಗಿದೀತು, ಮಿಕ್ಕ ತೋಟಗಳ ಗೊನೆ ಮಾತ್ರ ಮರದಲ್ಲೇ ಉಳಿಯುತ್ತದೆ. ಹೆಪಾರಿನ್ ಡ್ರಿಪ್ ಗಂಟೆಗಟ್ಟಲೆ ನಡೆದಾಗ ಆಗುವುದೂ ಅದೇ: ಮೊದಲು ಟ್ರೈಗ್ಲಿಸರೈಡ್ ಇಳಿಯುತ್ತದೆ, ಆಮೇಲೆ ಕತ್ತರಿಸುವ ಕಿಣ್ವವೇ ಕಡಿಮೆಯಾಗಿ ಅದು ಮತ್ತೆ ಏರುತ್ತದೆ, ಕೆಲವರಲ್ಲಿ ಮೊದಲಿಗಿಂತ ಮೇಲಕ್ಕೂ ಹೋಗುತ್ತದೆ. ಹಾಗಾಗಿ ಹೆಪಾರಿನ್ ಶುರುವಾದ ಅರ್ಧ ಗಂಟೆಗೆ ತೆಗೆದ ರಕ್ತ ಒಂದು ಹೇಳಿದರೆ, ಎರಡನೇ ದಿನದ ರಕ್ತ ಇನ್ನೊಂದು ಹೇಳಬಹುದು. ಎನಾಕ್ಸಪಾರಿನ್ ಸರಪಳಿ ಚಿಕ್ಕದು, ಗೋಡೆಯಿಂದ ಕಿಣ್ವವನ್ನು ಬಿಡಿಸುವ ಶಕ್ತಿ ಅದಕ್ಕೆ ಕಡಿಮೆ. ಪರಿಣಾಮದ ದಿಕ್ಕು ಒಂದೇ, ಪ್ರಮಾಣ ಸಣ್ಣದು.

ಇಷ್ಟರಲ್ಲಿ ಕೊಲೆಸ್ಟ್ರಾಲ್ ಏನಾಯಿತು? ಈ ಕಿಣ್ವ ಕೊಲೆಸ್ಟ್ರಾಲನ್ನು ಕತ್ತರಿಸುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್ ಹೆಪಾರಿನ್ನಿಂದ ಹೇಳಿಕೊಳ್ಳುವಷ್ಟು ಕದಲುವುದಿಲ್ಲ. ಹಾಗಿದ್ದೂ ರಿಪೋರ್ಟಿನಲ್ಲಿ 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ ಸಾಲು ಕದಲುತ್ತದೆ, ಕಾರಣ ಲೆಕ್ಕದಲ್ಲಿದೆ. ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ ಸೂತ್ರದಿಂದ ತೆಗೆಯುತ್ತವೆ: ಒಟ್ಟು ಕೊಲೆಸ್ಟ್ರಾಲಿನಿಂದ 'ಒಳ್ಳೆಯ' ಕೊಲೆಸ್ಟ್ರಾಲಾದ ಎಚ್‌ಡಿಎಲ್ ಕಳೆ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆ. ನಮ್ಮ ಬೆಳೆಗಾರರ ಒಟ್ಟು ಕೊಲೆಸ್ಟ್ರಾಲ್ 200, ಎಚ್‌ಡಿಎಲ್ 40 ಇದೆ ಎನ್ನಿ. ಟ್ರೈಗ್ಲಿಸರೈಡ್ 250 ಇದ್ದಾಗ ಎಲ್‌ಡಿಎಲ್ 200 − 40 − 50, ಅಂದರೆ 110. ಹೆಪಾರಿನ್ ನಂತರ ಟ್ರೈಗ್ಲಿಸರೈಡ್ 150ಕ್ಕೆ ಇಳಿದರೆ 200 − 40 − 30, ಅಂದರೆ 130. ಊಟ ಬದಲಾಗಿಲ್ಲ, ಕಾಯಿಲೆ ಬದಲಾಗಿಲ್ಲ, 'ಕೆಟ್ಟ ಕೊಲೆಸ್ಟ್ರಾಲ್' ಮಾತ್ರ 20 ಏರಿತು. ಕೊಬ್ಬು ಕಳೆದುಕೊಂಡ ಕಣಗಳು ಎಲ್‌ಡಿಎಲ್ ಕಡೆಗೆ ಸಾಗುವುದರಿಂದ ಅದರಲ್ಲಿ ಒಂದಿಷ್ಟು ನಿಜದ ಏರಿಕೆಯೂ ಇರಬಹುದು. ಹೆಚ್ಚಿನದು ಸೂತ್ರದ ಆಟ. ಟ್ರೈಗ್ಲಿಸರೈಡ್ 400 ದಾಟಿದವರಲ್ಲಂತೂ ಈ ಸೂತ್ರ ಬಳಸಲೇಬಾರದು. ಅಂಥವರು 'ಡೈರೆಕ್ಟ್ ಎಲ್‌ಡಿಎಲ್' ಕೇಳಬೇಕು. ಇಲ್ಲವೇ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಒಂದನ್ನೇ ಕಳೆದ ನಾನ್-ಎಚ್‌ಡಿಎಲ್ ನೋಡಬೇಕು. ಮೇಲಿನ ಎರಡೂ ಸಂದರ್ಭದಲ್ಲಿ ಅದು 160ರಲ್ಲೇ ನಿಂತಿದೆ ಎಂಬುದನ್ನು ಗಮನಿಸಿ. ಹೆಪಾರಿನ್ ನಡೆಯುವಾಗ ರಿಪೋರ್ಟಿನಲ್ಲಿ ನಂಬಬಹುದಾದ ಅಂಕಿ ಯಾವುದೆಂದರೆ ಅದೇ.

ಹೆಪಾರಿನ್ ಒಂದರ ಮೇಲೇ ಎಲ್ಲ ಹೊರಿಸುವುದೂ ಸರಿಯಲ್ಲ. ಹೃದಯಾಘಾತವಾದ ಮೊದಲ 24 ಗಂಟೆ ಕಳೆದ ಮೇಲೆ ದೇಹದ ಉರಿಯೂತದಿಂದಲೇ ಎಲ್‌ಡಿಎಲ್ ಇಳಿಯತೊಡಗುತ್ತದೆ, ವಾರಗಟ್ಟಲೆ ತಗ್ಗಿಯೇ ಇರಬಹುದು. ರೋಗಿ ಸರಿಯಾಗಿ ಉಂಡಿರುವುದಿಲ್ಲ. ಅಟಾರ್ವಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆ ದೊಡ್ಡ ಡೋಸಿನಲ್ಲಿ ಶುರುವಾಗಿರುತ್ತದೆ. ಇಷ್ಟು ಕೈಗಳು ಸೇರಿ ಅಲುಗಾಡಿಸಿದ ಅಂಕಿ ಅದು.

ಹಾಗಾದರೆ ರಕ್ತ ಯಾವಾಗ ತೆಗೆಯಬೇಕು? ತುರ್ತಿನಲ್ಲಿ ಬಂದ ರೋಗಿಗೆ ಐವಿ ಲೈನ್ ಹಾಕುವಾಗ ಟ್ರೊಪೊನಿನ್, ಕ್ರಿಯಾಟಿನಿನ್‌ಗೆ ಹೇಗೂ ರಕ್ತ ತೆಗೆಯುತ್ತಾರೆ. ಅದೇ ಸೂಜಿಯಲ್ಲಿ ಲಿಪಿಡ್‌ಗೂ ಒಂದು ನಳಿಕೆ ತುಂಬಿಸಿಕೊಂಡು, ಆಮೇಲೆ ಹೆಪಾರಿನ್ ಕೊಟ್ಟರೆ ಮುಗಿಯಿತು. ರೋಗಿ ಉಪವಾಸ ಇರಲಿಲ್ಲವೆಂದು ಬಿಡಬೇಕಿಲ್ಲ; ಊಟ ಮಾಡಿದ್ದರೂ ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ ಹೆಚ್ಚು ಬದಲಾಗುವುದಿಲ್ಲ. ಹಾಗೆಂದು ಲಿಪಿಡ್ ನಳಿಕೆಗಾಗಿ ಹೆಪಾರಿನ್ ಒಂದು ನಿಮಿಷವೂ ತಡವಾಗಬಾರದು, ಜೀವ ಮೊದಲು. ಮೊದಲೇ ತೆಗೆಯಲಾಗಲಿಲ್ಲ ಎಂದರೆ ರಿಪೋರ್ಟಿನ ಮೇಲೆ ಹೆಪಾರಿನ್ ಕೊಟ್ಟ ಸಮಯ, ರಕ್ತ ತೆಗೆದ ಸಮಯ ಎರಡನ್ನೂ ಬರೆಯಲಿ. ಎನಾಕ್ಸಪಾರಿನ್ ದಿನಕ್ಕೆ ಎರಡು ಸಲ ನಡೆಯುತ್ತಿದ್ದರೆ ಬೆಳಗಿನ ಇಂಜೆಕ್ಷನ್ನಿಗೆ ಮೊದಲು ರಕ್ತ ಹೋಗಲಿ. ಚಿಕಿತ್ಸೆ ಎಷ್ಟು ಫಲಿಸಿದೆ ಎಂದು ತೀರ್ಮಾನಿಸುವ ರಿಪೋರ್ಟು ಮಾತ್ರ 4ರಿಂದ 6 ವಾರದ ನಂತರದ್ದೇ ಆಗಿರಬೇಕು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹೃದಯಾಘಾತವಾದಂಥ ಅತಿ ಅಪಾಯದವರಲ್ಲಿ ಎಲ್‌ಡಿಎಲ್ 55ಕ್ಕಿಂತ ಕೆಳಗಿರಲಿ ಎನ್ನುತ್ತದೆ. ಆ ಗುರಿಗೆ ಹೋಲಿಸಬೇಕಾದದ್ದು ಈ ರಿಪೋರ್ಟನ್ನು, ಐಸಿಯುವಿನದ್ದನ್ನಲ್ಲ.

ಲಿಪಿಡ್ ಜೊತೆಗೇ ಥೈರಾಯ್ಡ್ ಪರೀಕ್ಷೆ ಬರೆಯುವ ರೂಢಿ ಇರುವುದರಿಂದ ಇಲ್ಲೇ ಒಂದು ಮಾತು. ಹೆಪಾರಿನ್ ಹೋದ ದೇಹದಿಂದ ತೆಗೆದ ರಕ್ತದಲ್ಲಿ ಲೈಪೇಸ್ ಇರುತ್ತದೆ, ನಳಿಕೆಯೊಳಗೂ ಅದು ಕೆಲಸ ನಿಲ್ಲಿಸುವುದಿಲ್ಲ. ಸಾಗರ, ಸೊರಬದಿಂದ ಶಿವಮೊಗ್ಗದ ಲ್ಯಾಬಿಗೆ ಮಾದರಿ ಬರುವಷ್ಟರಲ್ಲಿ ನಳಿಕೆಯಲ್ಲಿ ಕೊಬ್ಬಿನಾಮ್ಲ ಹೆಚ್ಚುತ್ತದೆ, ಅದು ಪ್ರೋಟೀನಿಗೆ ಅಂಟಿದ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನನ್ನು ತಳ್ಳಿ ಬಿಡಿಸುತ್ತದೆ, ಫ್ರೀ ಟಿ4, ಅಂದರೆ ಬಿಡಿಯಾಗಿರುವ ಥೈರಾಕ್ಸಿನ್, ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಟಿಎಸ್‌ಎಚ್ ಸರಿಯಿದ್ದು ಫ್ರೀ ಟಿ4 ಮಾತ್ರ ಏರಿದ್ದರೆ ಥೈರಾಯ್ಡ್ ತಗ್ಗಿಸುವ ಮಾತ್ರೆ ಶುರು ಮಾಡುವ ಮೊದಲು ಹೆಪಾರಿನ್ ಕೊಟ್ಟಿದ್ದರೇ ಎಂದು ಕೇಳುವುದು ಒಳ್ಳೆಯದು.

ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿಗೆ ಹೆಪಾರಿನ್ ತಪ್ಪಿದ್ದಲ್ಲ. ಯಂತ್ರದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು. ಕಿಡ್ನಿ ಕಾಯಿಲೆಯೇ ಟ್ರೈಗ್ಲಿಸರೈಡ್ ಏರಿಸುತ್ತದೆ, ಮೇಲೆ ಪದೇ ಪದೇ ಗೋಡೆಯ ಕಿಣ್ವ ಬರಿದಾಗುತ್ತದೆ. ಇವರ ಲಿಪಿಡ್ ರಕ್ತವನ್ನು ಡಯಾಲಿಸಿಸ್ ಶುರುವಾಗುವ ಮೊದಲು, ಹೆಪಾರಿನ್ ತಾಗದ ಕಡೆಯಿಂದ ತೆಗೆಯಬೇಕು.

ಟ್ರೈಗ್ಲಿಸರೈಡ್ 1000 ದಾಟಿ ಮೇದೋಜೀರಕ ಗ್ರಂಥಿ ಊದಿಕೊಂಡು, ಹೊಟ್ಟೆ ಹಿಡಿದುಕೊಂಡು ಬರುವವರಿದ್ದಾರೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕುಡಿತ ಎರಡೂ ಇದಕ್ಕೆ ದಾರಿ. ಇಲ್ಲಿ ಹೆಪಾರಿನ್ನಿನ ಈ ಗುಣವನ್ನೇ ಚಿಕಿತ್ಸೆಯಾಗಿ ಬಳಸಿದ್ದುಂಟು, ಇನ್ಸುಲಿನ್ ಡ್ರಿಪ್ ಜೊತೆ. ಆದರೆ ಇನ್ಸುಲಿನ್ ಹೊಸ ಕಿಣ್ವ ಹುಟ್ಟಿಸುತ್ತದೆ, ಹೆಪಾರಿನ್ ಇದ್ದದ್ದನ್ನು ಖರ್ಚು ಮಾಡುತ್ತದೆ. ಊದಿದ ಗ್ರಂಥಿಯಲ್ಲಿ ರಕ್ತಸ್ರಾವದ ಭಯ ಬೇರೆ. ಬರೀ ಹೆಪಾರಿನ್ನಿನಿಂದ ಕೊಬ್ಬು ಇಳಿಸುತ್ತೇವೆ ಎನ್ನುವುದಕ್ಕೆ ಇವತ್ತು ಗಟ್ಟಿ ಆಧಾರವಿಲ್ಲ. ತಿಂಗಳುಗಟ್ಟಲೆ ಕೊಲೆಸ್ಟ್ರಾಲ್ ಇಳಿಸುವ ಔಷಧವಂತೂ ಅದು ಅಲ್ಲವೇ ಅಲ್ಲ.

ಮಾತ್ರೆಗಳ ವಿಷಯ ಬೇರೆ

ಕವಾಟ ಬದಲಿಸಿಕೊಂಡವರು, ಹೃದಯದ ಬಡಿತ ತಾಳ ತಪ್ಪಿದವರು, ಕಾಲಿನ ನರದಲ್ಲಿ ಹೆಪ್ಪುಗಟ್ಟಿದವರು ಮನೆಯಲ್ಲಿ ನುಂಗುವುದು ಅಸಿಟ್ರಾಮ್ ಇಲ್ಲವೇ ವಾರ್ಫರಿನ್, ಈಚೆಗೆ ರಿವರಾಕ್ಸಬಾನ್, ಅಪಿಕ್ಸಬಾನ್, ಡಾಬಿಗಟ್ರಾನ್. ಲೋಹದ ಕವಾಟ ಇರುವವರಿಗೆ ಹೊಸ ಮಾತ್ರೆಗಳು ಆಗುವುದಿಲ್ಲ, ಅವರಿಗೆ ಅಸಿಟ್ರಾಮ್ ಅಥವಾ ವಾರ್ಫರಿನ್ನೇ ಗತಿ. ಇವು ಯಾವುವೂ ರಕ್ತನಾಳದ ಗೋಡೆಯ ಕಿಣ್ವವನ್ನು ಮುಟ್ಟುವುದಿಲ್ಲ. ಕೊಲೆಸ್ಟ್ರಾಲಿಗೆ ಚಿಕಿತ್ಸೆ ಎನ್ನುವಷ್ಟು ಪರಿಣಾಮ ಯಾವುದಕ್ಕೂ ಇಲ್ಲ. 'ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾ ಇದೀನಿ, ಕೊಬ್ಬಿನ ಮಾತ್ರೆ ಬೇಡ' ಎನ್ನುವವರಿಗೆ ಹೇಳಬೇಕಾದ್ದು ಇಷ್ಟೇ: ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಇಲ್ಲಿ ಪ್ರಭಾವ ಹರಿಯುವುದು ಎದುರು ದಿಕ್ಕಿನಲ್ಲಿ, ಕೊಲೆಸ್ಟ್ರಾಲ್ ಮಾತ್ರೆಯಿಂದ ಐಎನ್‌ಆರ್ ಕಡೆಗೆ. ಐಎನ್‌ಆರ್ ಎಂದರೆ ಅಸಿಟ್ರಾಮ್, ವಾರ್ಫರಿನ್ ನುಂಗುವವರಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಂಕಿ; ಏರಿದರೆ ರಕ್ತಸ್ರಾವದ ಭಯ, ಇಳಿದರೆ ಹೆಪ್ಪಿನ ಭಯ. ಅಪಾಯವೂ ಇಲ್ಲೇ ಹೆಚ್ಚು. ರೋಸುವಸ್ಟಾಟಿನ್, ಸಿಮ್ವಸ್ಟಾಟಿನ್, ಫ್ಲುವಸ್ಟಾಟಿನ್ ಶುರುವಾದರೆ ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ ಏರಬಹುದು. ಅಟಾರ್ವಸ್ಟಾಟಿನ್ ಇದರಲ್ಲಿ ಸಾಧು. ಟ್ರೈಗ್ಲಿಸರೈಡಿಗೆ ಕೊಡುವ ಫೆನೊಫೈಬ್ರೇಟ್ ಇವೆಲ್ಲಕ್ಕಿಂತ ಜೋರು; ಅದು ಸೇರಿದಾಗ ವಾರ್ಫರಿನ್ ಡೋಸನ್ನೇ ಇಳಿಸಬೇಕಾಗಿ ಬರುವುದುಂಟು. ಡಾಬಿಗಟ್ರಾನ್ ತೆಗೆದುಕೊಳ್ಳುವವರಲ್ಲಿ ಸಿಮ್ವಸ್ಟಾಟಿನ್, ಲೋವಸ್ಟಾಟಿನ್ ಜೊತೆಯಾದಾಗ ರಕ್ತಸ್ರಾವ ಹೆಚ್ಚು ಎಂದು ಕೆನಡಾದ ಆಂಟಾರಿಯೊದ ಹಿರಿಯರ ದಾಖಲೆಗಳನ್ನು ನೋಡಿದ ಅಧ್ಯಯನ ತೋರಿಸಿದೆ. ಹಾಗಾಗಿ ಅಸಿಟ್ರಾಮ್, ವಾರ್ಫರಿನ್ ಮೇಲಿರುವವರಿಗೆ ಕೊಬ್ಬಿನ ಮಾತ್ರೆ ಹೊಸದಾಗಿ ಬಂದರೆ, ಡೋಸ್ ಬದಲಾದರೆ, ಅಂಗಡಿಯವರು ಒಂದರ ಬದಲು ಇನ್ನೊಂದು ಸ್ಟಾಟಿನ್ ಕೊಟ್ಟರೆ ವಾರ, ಹತ್ತು ದಿನದೊಳಗೆ ಐಎನ್‌ಆರ್ ನೋಡಿಸಬೇಕು. ನಿಲ್ಲಿಸಿದಾಗಲೂ ಅಷ್ಟೇ. ರೋಸುವಸ್ಟಾಟಿನ್ ಜೊತೆ 2.8ಕ್ಕೆ ಹೊಂದಿಕೊಂಡಿದ್ದ ಐಎನ್‌ಆರ್, ಆ ಮಾತ್ರೆಯನ್ನು ಮನೆಯಲ್ಲೇ ಬಿಟ್ಟರೆ ಕೆಳಗೆ ಜಾರಬಹುದು. ಲೋಹದ ಕವಾಟ ಇರುವವರಿಗೆ ಅದು ಕವಾಟದಲ್ಲಿ ಹೆಪ್ಪು ಕೂರುವ ದಾರಿ. ಇದನ್ನು ಚೀಟಿ ಕೊಡುವಾಗಲೇ ಬಾಯಿಬಿಟ್ಟು ಹೇಳಬೇಕು. ಆಗುಂಬೆ, ಬಿದನೂರು ನಗರದ ಕಡೆಯಿಂದ ಮಳೆಯಲ್ಲಿ ಬಸ್ಸು ಹಿಡಿದು ಬರುವವರು, ವೈದ್ಯರು ಹೇಳದೆ ಇದ್ದರೆ, ಐಎನ್‌ಆರ್‌ಗೆ ಮತ್ತೊಮ್ಮೆ ಬರುವುದಿಲ್ಲ.

ಅಡುಗೆಮನೆಯಲ್ಲೂ ಕೊಬ್ಬು ಮತ್ತು ಐಎನ್‌ಆರ್ ಒಂದಕ್ಕೊಂದು ತಾಗುತ್ತವೆ. ಎಲ್‌ಡಿಎಲ್ ಇಳಿಸಲು ತೆಂಗಿನೆಣ್ಣೆ ಬಿಡಿ ಎಂದು ವೈದ್ಯರು ಹೇಳಿದರೆ ಮನೆಗೆ ಬೇರೆ ಎಣ್ಣೆ ಬರುತ್ತದೆ. ಯಾವ ಎಣ್ಣೆ ಎಂಬುದು ಮುಖ್ಯ. ಅಸಿಟ್ರಾಮ್, ವಾರ್ಫರಿನ್ ಕೆಲಸ ಮಾಡುವುದು ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆಗೆ ಅಡ್ಡ ನಿಂತು. ತೆಂಗಿನೆಣ್ಣೆ, ಶೇಂಗಾ ಎಣ್ಣೆಗಳಲ್ಲಿ ಈ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ, ಸೂರ್ಯಕಾಂತಿಯಲ್ಲೂ ಸ್ವಲ್ಪವೇ. ಸೋಯಾ ಎಣ್ಣೆಯಲ್ಲಿ ಮಾತ್ರ ಒಂದು ದೊಡ್ಡ ಚಮಚಕ್ಕೆ ಸುಮಾರು 25 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1 ಮೈಕ್ರೋಗ್ರಾಂ ಎಂದಿರುವಾಗ, ದಿನಕ್ಕೆ ಎರಡು ಮೂರು ಚಮಚ ಸೋಯಾ ಎಣ್ಣೆಯೇ ಅದನ್ನು ಮುಟ್ಟಿಬಿಡುತ್ತದೆ. ಎಲ್‌ಡಿಎಲ್ ಇಳಿಯಿತು, ಜೊತೆಗೆ ಐಎನ್‌ಆರೂ ಇಳಿಯಿತು, ಡೋಸ್ ಯಾಕೆ ಸಾಲುತ್ತಿಲ್ಲ ಎಂದು ಗೊತ್ತಾಗಲಿಲ್ಲ: ಹೀಗಾಗುವುದು ಸಾಧ್ಯ. ಎಣ್ಣೆ ಬದಲಿಸಬಾರದೆಂದಲ್ಲ, ಬದಲಿಸಿದ್ದನ್ನು ವೈದ್ಯರಿಗೆ ಹೇಳಿ ಐಎನ್‌ಆರ್ ನೋಡಿಸಬೇಕು.

ಸೊಪ್ಪಿನ ಲೆಕ್ಕವೂ ಇದೇ. ಆಷಾಢ, ಶ್ರಾವಣದಲ್ಲಿ ಕೆಸುವಿನ ಪತ್ರೊಡೆ ಮಾಡುವ ಮನೆಯಲ್ಲಿ ಆ ವಾರದ ವಿಟಮಿನ್ ಕೆ ಬೇಸಿಗೆಯದ್ದಲ್ಲ. ಹರಿವೆ, ಬಸಳೆ, ನುಗ್ಗೆಸೊಪ್ಪು, ಒಂದೆಲಗದ ತಂಬುಳಿ ಎಲ್ಲ ಅದೇ ಸಾಲಿನವು. ಕವಾಟದವರು ಸೊಪ್ಪು ತಿನ್ನಲೇಬಾರದು ಎನ್ನುವ ಉಪದೇಶ ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ. ಅದು ತಪ್ಪು, ಕೊಲೆಸ್ಟ್ರಾಲ್ ಇರುವವರ ತಟ್ಟೆಯಿಂದ ಸೊಪ್ಪನ್ನು ತೆಗೆಯುವುದು ಎರಡು ಪಟ್ಟು ತಪ್ಪು. ವಾರವಾರವೂ ಹೆಚ್ಚುಕಡಿಮೆ ಅಷ್ಟೇ ಸೊಪ್ಪು ತಿಂದರೆ ಡೋಸನ್ನು ಅದಕ್ಕೆ ಹೊಂದಿಸಬಹುದು. ಒಂದು ತಿಂಗಳು ದಿನಾ, ಮುಂದಿನ ತಿಂಗಳು ಇಲ್ಲವೇ ಇಲ್ಲ ಎಂದಾದರೆ ಹೊಂದಿಸಲಾಗದು. ಕೊಬ್ಬಿಗೆಂದು ಗುಗ್ಗುಳ, ಹೊಳೆಮತ್ತಿ ಚಕ್ಕೆಯ ಕಷಾಯ, ಬೆಳ್ಳುಳ್ಳಿ ಕ್ಯಾಪ್ಸೂಲ್ ಶುರು ಮಾಡುವವರು ಅದನ್ನೂ ಮುಚ್ಚಿಡದೆ ಹೇಳಬೇಕು. ಗುಗ್ಗುಳದ ಬಗ್ಗೆ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗದಲ್ಲಂತೂ ಎಲ್‌ಡಿಎಲ್ ಇಳಿಯುವ ಬದಲು ಏರಿತ್ತು.

ಕೊನೆಗೆ, ರಕ್ತದ ಕೊಬ್ಬು ಐಎನ್‌ಆರ್ ಪರೀಕ್ಷೆಯನ್ನೇ ಕೆಡಿಸುವ ಬಗೆ. ಐಎನ್‌ಆರ್ ರಕ್ತ ಹೋಗುವುದು ನೀಲಿ ಮುಚ್ಚಳದ ನಳಿಕೆಗೆ, ಅದರಲ್ಲಿ 0.3 ಮಿಲಿ ಸೋಡಿಯಂ ಸಿಟ್ರೇಟ್ ಇದ್ದರೆ 2.7 ಮಿಲಿ ರಕ್ತ, ಗೆರೆಯ ತನಕ. ರಕ್ತ ಕಡಿಮೆ ಬಿದ್ದರೆ ಸಿಟ್ರೇಟ್ ಹೆಚ್ಚಾಗಿ ಐಎನ್‌ಆರ್ ಸುಳ್ಳೇ ಏರುತ್ತದೆ. ಮಾದರಿಯನ್ನು ಶಿವಮೊಗ್ಗಕ್ಕೆ ಕಳಿಸುವಾಗ ಐಸ್ ಡಬ್ಬಿಯಲ್ಲಿಡಬಾರದು, ತಣ್ಣಗಾದರೆ ಹೆಪ್ಪುಗಟ್ಟಿಸುವ ಏಳನೇ ಅಂಶ ಎಚ್ಚರಗೊಂಡು ಫಲಿತಾಂಶ ಕೆಡುತ್ತದೆ. ಕೋಣೆಯ ಉಷ್ಣತೆಯಲ್ಲಿ 24 ಗಂಟೆಯೊಳಗೆ ಮುಟ್ಟಿದರೆ ಸಾಕು. ಟ್ರೈಗ್ಲಿಸರೈಡ್ ವಿಪರೀತ ಇರುವವರ ಪ್ಲಾಸ್ಮಾ ಹಾಲಿನ ಹಾಗೆ ಕಾಣುತ್ತದೆ. ಬೆಳಕು ಹಾಯಿಸಿ ಹೆಪ್ಪನ್ನು ಗುರುತಿಸುವ ಯಂತ್ರಕ್ಕೆ ಆ ಬಿಳುಪಿನಲ್ಲಿ ಹೆಪ್ಪು ಯಾವಾಗ ಕಟ್ಟಿತೆಂದು ತಿಳಿಯುವುದಿಲ್ಲ. ರಿಪೋರ್ಟಿನ ಅಡಿಯಲ್ಲಿ 'ಲಿಪೀಮಿಕ್' ಎಂದು ಬರೆದಿದ್ದರೆ ಆ ಐಎನ್‌ಆರ್ ನೋಡಿ ಅಸಿಟ್ರಾಮ್ ಡೋಸ್ ಬದಲಿಸಬೇಡಿ. ರಾತ್ರಿ ಬೇಗ ಉಂಡು, 12 ಗಂಟೆ ಏನೂ ತಿನ್ನದೆ ಬೆಳಿಗ್ಗೆ ಮತ್ತೆ ರಕ್ತ ಕೊಡಿ. ಆಗಲೂ ಪ್ಲಾಸ್ಮಾ ಬೆಳ್ಳಗಿದ್ದರೆ, ಉಕ್ಕಿನ ಗುಂಡಿನ ಚಲನೆಯಿಂದ ಹೆಪ್ಪು ಅಳೆಯುವ ಯಂತ್ರ ಯಾವ ಲ್ಯಾಬಿನಲ್ಲಿದೆ ಎಂದು ಕೇಳಿ ಅಲ್ಲಿ ಮಾಡಿಸಿ.